ದಾಖಲೆಗಳಿಲ್ಲದ ಹಳೆಯ ಒತ್ತಡ ಪಾತ್ರೆಗಳ ಮೌಲ್ಯಮಾಪನ

ದಾಖಲೆಗಳಿಲ್ಲದ ಹಳೆಯ ಒತ್ತಡ ಪಾತ್ರೆಗಳ ಮೌಲ್ಯಮಾಪನವು ಒಂದು ತಾಂತ್ರಿಕ ಪ್ರಕ್ರಿಯೆ. ತಯಾರಕರ ಫಲಕ, ನಕಾಶೆ, ಉಕ್ಕಿನ ಪ್ರಮಾಣಪತ್ರ ಮತ್ತು ಹಿಂದಿನ ತಪಾಸಣಾ ವರದಿಗಳು ಕಳೆದುಹೋಗಿರುವ ಪ್ರೆಷರ್ ವೆಸೆಲ್ ಒಂದನ್ನು ಯಾವ ಒತ್ತಡದವರೆಗೆ ಮತ್ತು ಇನ್ನೆಷ್ಟು ಕಾಲ ಸುರಕ್ಷಿತವಾಗಿ ಬಳಸಬಹುದು ಎಂಬುದನ್ನು ಇದರಲ್ಲಿ ನಿರ್ಧರಿಸಲಾಗುತ್ತದೆ. ಸಂಕುಚಿತ ಗಾಳಿಯ ಟ್ಯಾಂಕ್ (ಏರ್ ರಿಸೀವರ್), ಉಗಿ ಪಾತ್ರೆ, ಆಟೋಕ್ಲೇವ್, ಬಿಸಿನೀರಿನ ಟ್ಯಾಂಕ್ ಮತ್ತು ಅನಿಲ ಸಂಗ್ರಹಣಾ ಪಾತ್ರೆಗಳು ಒತ್ತಡ ಪಾತ್ರೆಗಳ ಸಾಮಾನ್ಯ ಉದಾಹರಣೆಗಳು. ಪಾತ್ರೆಯ ವಯಸ್ಸು ಈ ಪ್ರಕ್ರಿಯೆಯಲ್ಲಿ ಎರಡನೆಯ ಸಂಗತಿ. ಈಗ ಉಳಿದಿರುವ ಲೋಹದ ದಪ್ಪ ಮತ್ತು ಆ ದಪ್ಪ ಸವೆಯುತ್ತಿರುವ ವೇಗ, ಇವೆರಡೇ ಮುಖ್ಯ ಆಧಾರಗಳು. ತಿಳಿಯದ ಪ್ರತಿಯೊಂದು ಅಂಶಕ್ಕೂ ಸುರಕ್ಷತೆಯ ಕಡೆಗೆ ವಾಲುವ ಊಹೆಯನ್ನು ಬಳಸಲಾಗುವುದರಿಂದ, ಮೌಲ್ಯಮಾಪನದ ನಂತರ ಪಾತ್ರೆಯ ಅನುಮತಿತ ಒತ್ತಡವು ಹಿಂದಿಗಿಂತ ಕಡಿಮೆಯಾಗುವುದೇ ಹೆಚ್ಚು.

ಹಿನ್ನೆಲೆ

ಕಾಗದಪತ್ರವಿಲ್ಲದ ಪಾತ್ರೆಗಳು ದೊಡ್ಡ ರಾಸಾಯನಿಕ ಸ್ಥಾವರಗಳಿಗಿಂತ ಹೆಚ್ಚಾಗಿ ಸಣ್ಣ ವರ್ಕ್‌ಶಾಪ್, ಅಕ್ಕಿ ಗಿರಣಿ ಮತ್ತು ತೋಟಗಳ ಯಂತ್ರಮನೆಗಳಲ್ಲಿ ಕಂಡುಬರುತ್ತವೆ. ಇದು ಹೇಗೆ ಉಂಟಾಗುತ್ತದೆ ಎಂಬುದನ್ನು ತಿಳಿಯಲು ದಕ್ಷಿಣ ಕೊಡಗಿನ ಪಾಲಿಬೆಟ್ಟದಂಥ ಕಾಫಿ ಪ್ರದೇಶವನ್ನು ಗಮನಿಸಬಹುದು. ಕೊಡಗಿನಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟವು 1854ರಲ್ಲಿ ಮಡಿಕೇರಿಯ ಬಳಿ ಆರಂಭವಾಯಿತು. ಗೋಣಿಕೊಪ್ಪಲು, ಅಮ್ಮತ್ತಿ ಮತ್ತು ಸಿದ್ದಾಪುರಗಳ ನೆರೆಯಲ್ಲಿರುವ ಪಾಲಿಬೆಟ್ಟವು ಮುಂದೆ ಪ್ಲಾಂಟೇಷನ್ ಉದ್ಯಮದ ಕೇಂದ್ರವಾಗಿ ಬೆಳೆಯಿತು. ಕನ್ಸಾಲಿಡೇಟೆಡ್ ಕಾಫಿ ಎಂದು ಪರಿಚಿತವಾಗಿದ್ದು, 2000ದಲ್ಲಿ ಟಾಟಾ ಕಾಫಿ ಎಂದು ಹೆಸರು ಬದಲಿಸಿಕೊಂಡ ಕಂಪನಿಯ ನೋಂದಾಯಿತ ಕಚೇರಿ ಇಲ್ಲಿಯೇ ಇತ್ತು. ದೊಡ್ಡ ಕಂಪನಿಗಳಲ್ಲಿ ಯಂತ್ರಗಳ ದಾಖಲೆ ಇಡುವ ವ್ಯವಸ್ಥೆ ಇರುತ್ತದೆ. ಖಾಸಗಿ ತೋಟಗಳ ಸ್ಥಿತಿ ಬೇರೆ. ತೋಟ ಕೈ ಬದಲಾದಾಗ ಡೀಸೆಲ್ ಎಂಜಿನ್, ಪಲ್ಪರ್, ಕಂಪ್ರೆಸರ್ ಎಲ್ಲವೂ ಜಮೀನಿನ ಜೊತೆಗೇ ಹೋಗುತ್ತವೆ, ಅವುಗಳ ಕಾಗದಗಳು ಹೋಗುವುದಿಲ್ಲ. ಕೆಲವು ಟ್ಯಾಂಕುಗಳು ಗುಜರಿಯಿಂದ ಬಂದಿರುತ್ತವೆ. ಹಿತ್ತಾಳೆಯ ಫಲಕ ಕಳಚಿಹೋಗಿರುತ್ತದೆ, ಇಲ್ಲವೇ ಬಣ್ಣದ ಹತ್ತಾರು ಪದರಗಳ ಕೆಳಗೆ ಹುದುಗಿರುತ್ತದೆ. ಮೌಲ್ಯಮಾಪನದ ಮೊದಲ ಹೆಜ್ಜೆ ಆ ಬಣ್ಣವನ್ನು ಎಚ್ಚರದಿಂದ ಕೆರೆದು ನೋಡುವುದು. ಉಕ್ಕಿನ ಮೇಲೆಯೇ ಒತ್ತಿದ ಅಂಕಿಗಳು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಹಳೆಯ ಪಾತ್ರೆ ಏಕೆ ಅಪಾಯಕಾರಿ ಎಂಬುದಕ್ಕೆ ಇತಿಹಾಸದಲ್ಲಿ ನಿದರ್ಶನಗಳಿವೆ. 1905ರ ಮಾರ್ಚ್ 20ರಂದು ಅಮೆರಿಕದ ಬ್ರಾಕ್ಟನ್ ನಗರದ ಗ್ರೋವರ್ ಷೂ ಕಾರ್ಖಾನೆಯಲ್ಲಿ ಬಾಯ್ಲರ್ ಸ್ಫೋಟಿಸಿ 58 ಜನ ಸತ್ತರು. ಸ್ಫೋಟಿಸಿದ್ದು ದಿನನಿತ್ಯದ ಬಾಯ್ಲರ್ ಅಲ್ಲ, ಅದು ದುರಸ್ತಿಯಲ್ಲಿದ್ದಾಗ ಬದಲಿಯಾಗಿ ಉರಿಸಿದ ಹಳೆಯ ಬಾಯ್ಲರ್. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಯು (ಎಎಸ್‌ಎಂಇ) ಬಾಯ್ಲರ್ ಸಂಹಿತೆಯನ್ನು ರೂಪಿಸಲು ಕಾರಣವಾದ ದುರಂತಗಳಲ್ಲಿ ಇದೂ ಒಂದು. ಭಾರತದಲ್ಲಿ 1863ರ ಕಲ್ಕತ್ತದ ಬಾಯ್ಲರ್ ಸ್ಫೋಟದ ನಂತರ 1864ರಲ್ಲಿ ಬಂಗಾಳದ ಮೊದಲ ಬಾಯ್ಲರ್ ತಪಾಸಣಾ ಕಾಯಿದೆ ಜಾರಿಗೆ ಬಂದಿತು.

ಗಾಳಿಯ ಟ್ಯಾಂಕಿನ ಬಗ್ಗೆ ಜನರಿಗೆ ಬಾಯ್ಲರಿನಷ್ಟು ಭಯವಿಲ್ಲ. ಆದರೆ 500 ಲೀಟರ್ ಟ್ಯಾಂಕಿನಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 7 ಕಿಲೋಗ್ರಾಂ ಒತ್ತಡದಲ್ಲಿ (ವರ್ಕ್‌ಶಾಪಿನ ಮಾತಿನಲ್ಲಿ ‘100 ಪೌಂಡ್’) ತುಂಬಿದ ಗಾಳಿ ಒಮ್ಮೆಗೇ ಹಿಗ್ಗಿದರೆ ಸುಮಾರು 0.4 ಮೆಗಾಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಒಂದು ಟನ್ ತೂಕದ ವಸ್ತು 40 ಮೀಟರಿಗೂ ಹೆಚ್ಚು ಎತ್ತರದಿಂದ ಬಿದ್ದಾಗ ಹೊಮ್ಮುವ ಶಕ್ತಿ ಇಷ್ಟೇ ಇರುತ್ತದೆ.

ತುಕ್ಕಿನ ಸ್ವರೂಪ

ಕಬ್ಬಿಣದ ತುಕ್ಕು ತಾನು ಹುಟ್ಟಿದ ಲೋಹಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ. ಹೀಗಾಗಿ ಕಣ್ಣು ಎರಡು ರೀತಿಯಲ್ಲಿ ಮೋಸಹೋಗುತ್ತದೆ. ಹೊರಗೆ ದಪ್ಪ ಹೊಪ್ಪಳಿಕೆ ಎದ್ದ ಜಾಗದಲ್ಲಿ ಸವೆದ ಲೋಹ ಒಂದು ಮಿಲಿಮೀಟರಿಗಿಂತ ಕಡಿಮೆ ಇರಬಹುದು. ಹೊಸ ಬಣ್ಣದಿಂದ ಹೊಳೆಯುವ ಟ್ಯಾಂಕಿನ ತಳ ಒಳಗಿನಿಂದ ಕಾಗದದಷ್ಟು ತೆಳುವಾಗಿರಬಹುದು.

ಗಾಳಿಯ ಟ್ಯಾಂಕಿನಲ್ಲಿ ಸವಕಳಿ ಒಳಗಿನಿಂದ, ಅದರಲ್ಲೂ ತಳದಿಂದ ಆರಂಭವಾಗುತ್ತದೆ. ಕಂಪ್ರೆಸರ್ ಹೀರಿದ ಗಾಳಿಯ ತೇವಾಂಶ ತಣಿದು ನೀರಾಗಿ ತಳದಲ್ಲಿ ನಿಲ್ಲುತ್ತದೆ. ಒತ್ತಡದ ಗಾಳಿಯಲ್ಲಿ ಆಮ್ಲಜನಕವೂ ಒತ್ತಾಗಿರುವುದರಿಂದ ಆ ನೀರಿನಲ್ಲಿ ಅದು ಹೆಚ್ಚು ಕರಗುತ್ತದೆ, ಮತ್ತು ಲೋಹದಲ್ಲಿ ಗುಳಿಗಳನ್ನು ಕೊರೆಯುತ್ತದೆ. ತಳದ ಡ್ರೇನ್ ಕಾಕ್ ಅನ್ನು ದಿನವೂ ತೆರೆದು ನೀರು ಬಿಡುವ ಅಭ್ಯಾಸವಿದ್ದ ಟ್ಯಾಂಕಿಗೂ ಇಲ್ಲದ ಟ್ಯಾಂಕಿಗೂ ಆಯುಷ್ಯದಲ್ಲಿ ಬಹಳ ಅಂತರವಿರುತ್ತದೆ. ಆದ್ದರಿಂದ ಯಂತ್ರ ನೋಡಿಕೊಳ್ಳುತ್ತಿದ್ದ ಹಳೆಯ ಕೆಲಸಗಾರರ ನೆನಪು, ಬರಹದ ದಾಖಲೆ ಇಲ್ಲದಿರುವಾಗ, ನಿಜವಾದ ಸಾಕ್ಷ್ಯವಾಗಿ ಪರಿಗಣನೆಗೆ ಅರ್ಹ.

ಕಾಫಿ ತೋಟದ ಯಂತ್ರಗಳಿಗೆ ಋತುವಿನ ಲೆಕ್ಕವೂ ಅನ್ವಯಿಸುತ್ತದೆ. ಕೊಯ್ಲು ಮತ್ತು ಪಲ್ಪಿಂಗ್ ಚಳಿಗಾಲದ ಕೆಲಸ. ರೊಬಸ್ಟಾ ಹೂವಿಗಾಗಿ ತುಂತುರು ನೀರಾವರಿ ಬೇಸಿಗೆಯ ಆರಂಭದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಅನೇಕ ಯಂತ್ರಗಳು ಶೆಡ್ಡಿನಲ್ಲಿ ಸುಮ್ಮನೆ ನಿಲ್ಲುತ್ತವೆ. ತಳದಲ್ಲಿ ನೀರುಳಿದ ಟ್ಯಾಂಕಿಗೆ ಈ ವಿರಾಮವೇ ಕೆಲಸದ ದಿನಗಳಿಗಿಂತ ಹಾನಿಕರ. ಓಡಿದ ಗಂಟೆಗಳ ಲೆಕ್ಕದಿಂದ ಇಂಥ ಪಾತ್ರೆಯ ಸವಕಳಿಯನ್ನು ಅಂದಾಜಿಸುವುದು ಆದ್ದರಿಂದ ತಪ್ಪಾಗುತ್ತದೆ.

ಶೆಡ್ಡಿನಲ್ಲಿ ಟ್ಯಾಂಕಿನ ಜೊತೆಗೆ ಏನೇನು ಇಟ್ಟಿರುತ್ತಾರೆ ಎಂಬುದನ್ನೂ ನೋಡಬೇಕು. ಪೊಟ್ಯಾಷ್ ಗೊಬ್ಬರದ ಕ್ಲೋರೈಡ್ ತೇವವನ್ನು ಹೀರಿ ಉಕ್ಕಿನ ಹೊರಮೈಯನ್ನು ವೇಗವಾಗಿ ತಿನ್ನುತ್ತದೆ. ಕಾಫಿ ಗಿಡದ ಎಲೆ ತುಕ್ಕು ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತವು ಉಕ್ಕಿಗೆ ತಗುಲಿದರೆ ತಾಮ್ರವು ಅದರ ಮೇಲೆ ಕೂತು ಸುತ್ತಲಿನ ಕಬ್ಬಿಣ ಕರಗುತ್ತದೆ. ಗಿಡದ ತುಕ್ಕಿಗೆ ಹಾಕಿದ ಮದ್ದು ಕಬ್ಬಿಣಕ್ಕೆ ತುಕ್ಕು ತರುವುದು ಈ ಪ್ರದೇಶದ ಒಂದು ವಿಚಿತ್ರ. ಪಲ್ಪಿಂಗ್‌ನಿಂದ ಹೊರಬರುವ ಹುಳಿತ ನೀರು ಕೂಡ ಆಮ್ಲೀಯ. ಟ್ಯಾಂಕು ಕೂರುವ ಆಧಾರಗಳ ಒಳಮೈ, ಕಾಲುಗಳ ಬೆಸುಗೆ, ಡ್ರೇನ್ ಪೈಪಿನ ಬುಡ ಮುಂತಾದ ನೀರು ನಿಲ್ಲುವ ಸಂದುಗಳನ್ನು ಹೊರಗಿನ ತಪಾಸಣೆಯಲ್ಲಿ ಮೊದಲು ಪರೀಕ್ಷಿಸಬೇಕು.

ತಿಳಿಯದ ಅಂಶಗಳನ್ನು ತುಂಬುವ ಕ್ರಮ

ಬಳಕೆಯಲ್ಲಿರುವ ಒತ್ತಡ ಪಾತ್ರೆಗಳ ತಪಾಸಣೆಗೆ ಜಗತ್ತಿನಾದ್ಯಂತ ಆಧಾರವಾಗಿರುವ ಎಪಿಐ 510 ಸಂಹಿತೆಯು ಕಾಗದಪತ್ರವಿಲ್ಲದ ಪಾತ್ರೆಗಳಿಗಾಗಿಯೇ ಒಂದು ಕ್ರಮವನ್ನು ಸೂಚಿಸುತ್ತದೆ. ಪಾತ್ರೆಯನ್ನು ಪೂರ್ತಿ ಅಳೆದು ಹೊಸ ನಕಾಶೆ ಬರೆಯಬೇಕು, ವಿನ್ಯಾಸದ ಒತ್ತಡ ಮತ್ತು ತಾಪಮಾನಗಳನ್ನು ಗೊತ್ತುಪಡಿಸಬೇಕು, ಸಂಹಿತೆಯ ಸೂತ್ರಗಳಿಂದ ಪ್ರತಿ ಭಾಗದ ಬಲವನ್ನು ಹೊಸದಾಗಿ ಲೆಕ್ಕಹಾಕಬೇಕು, ಫಲಿತಾಂಶವನ್ನು ಹೊಸ ಫಲಕದಲ್ಲಿ ಕೆತ್ತಿ ಜೋಡಿಸಬೇಕು ಮತ್ತು ಒತ್ತಡ ಪರೀಕ್ಷೆ ನಡೆಸಬೇಕು. ಭಾರತದಲ್ಲಿ ಬೆಂಕಿ ತಗುಲದ ಪಾತ್ರೆಗಳ ವಿನ್ಯಾಸಕ್ಕೆ 1969ರ ಐಎಸ್ 2825 ಎಂಬ ಮಾನಕವೂ ಇದೆ.

ಉಕ್ಕು ಯಾವುದೆಂದು ತಿಳಿಯದಿದ್ದರೆ, ಸಾಮಾನ್ಯ ಕಾರ್ಬನ್ ಉಕ್ಕಿನ ಪಾತ್ರೆಗೆ ಎಸ್‌ಎ 283 ದರ್ಜೆ ಸಿ ಎಂಬ ಸಾಧಾರಣ ಉಕ್ಕಿನ ಬಲವನ್ನು ಹಿಡಿಯಲು ಈ ಸಂಹಿತೆ ಹೇಳುತ್ತದೆ. ಅದರ ಕನಿಷ್ಠ ಕರ್ಷಣ ಬಲ 380 ಮೆಗಾಪ್ಯಾಸ್ಕಲ್. 1999ಕ್ಕಿಂತ ಮೊದಲಿನ ಪಾತ್ರೆಗಳಿಗೆ ಇಂದಿನ 3.5ರ ಸುರಕ್ಷಾ ಅಂಶವನ್ನು ಬಳಸುವಂತಿಲ್ಲ. ಹಿಂದಿನ 4ರ ಅಂಶದಿಂದ ಭಾಗಿಸಿದರೆ ಅನುಮತಿತ ಒತ್ತಡಬಲ ಸುಮಾರು 95 ಮೆಗಾಪ್ಯಾಸ್ಕಲ್ ಆಗುತ್ತದೆ. ಬೆಸುಗೆಗಳಿಗೆ ಹಿಂದೆ ರೇಡಿಯೋಗ್ರಫಿ ನಡೆದಿದೆಯೋ ಇಲ್ಲವೋ ತಿಳಿಯದಿದ್ದರೆ ತುದಿಗೆ ತುದಿ ಕೂಡಿಸಿದ ಬೆಸುಗೆಯ ದಕ್ಷತೆಯನ್ನು 0.7 ಎಂದು ಹಿಡಿಯಲಾಗುತ್ತದೆ. ಅಂದರೆ ದಾಖಲೆ ಕಳೆದುಕೊಂಡ ಕಾರಣಕ್ಕೇ ಲೆಕ್ಕದಲ್ಲಿ ಬೆಸುಗೆಯ ಬಲದ ನೂರಕ್ಕೆ ಮೂವತ್ತು ಭಾಗ ಹೋಗುತ್ತದೆ. ಮಾಲೀಕರಿಗೆ ಇದು ಅನ್ಯಾಯವೆನಿಸಬಹುದು. ಬೇಕಿದ್ದರೆ ಈಗ ರೇಡಿಯೋಗ್ರಫಿ ಮಾಡಿಸಿ ಹೆಚ್ಚಿನ ದಕ್ಷತೆಯನ್ನು ಪಡೆಯಲು ಅವಕಾಶವಿದೆ.

ಕೈಯಲ್ಲಿ ಹಿಡಿಯುವ ಎಕ್ಸ್‌ಕಿರಣ ಉಪಕರಣಗಳು ಮಿಶ್ರಲೋಹದ ಧಾತುಗಳನ್ನು ಗುರುತಿಸುತ್ತವೆ, ಕಾರ್ಬನ್ ಪ್ರಮಾಣವನ್ನು ಅಳೆಯಲಾರವು. ಅಪರಿಚಿತ ಉಕ್ಕಿಗೆ ಬೆಸುಗೆ ಹಾಕುವ ಮುನ್ನ ಇದನ್ನು ನೆನಪಿಡಬೇಕು, ಏಕೆಂದರೆ ಬೆಸುಗೆಯ ಪಕ್ಕದಲ್ಲಿ ಬಿರುಕು ಬಿಡುವ ಪ್ರವೃತ್ತಿ ಬಹುಮಟ್ಟಿಗೆ ಕಾರ್ಬನ್‌ನಿಂದಲೇ ನಿರ್ಧಾರವಾಗುತ್ತದೆ. ರಿವೆಟ್ ಹೊಡೆದು ಕಟ್ಟಿದ ಪಾತ್ರೆಗಳಿಗೆ ಮೇಲಿನ ಅಂಕಿಗಳು ಅನ್ವಯಿಸುವುದಿಲ್ಲ. ಅವುಗಳ ಜೋಡಣೆಯ ದಕ್ಷತೆಯನ್ನು ರಿವೆಟ್ ಅಳತೆ ಮತ್ತು ಅಂತರಗಳಿಂದ ಪ್ರತ್ಯೇಕವಾಗಿ ಲೆಕ್ಕಹಾಕಬೇಕು.

ದಪ್ಪದ ಅಳತೆ

ಅಲ್ಟ್ರಾಸೋನಿಕ್ ದಪ್ಪಮಾಪಕವು ಶಬ್ದತರಂಗವು ಲೋಹದ ಹಿಂಬದಿಗೆ ಬಡಿದು ಮರಳಲು ತೆಗೆದುಕೊಳ್ಳುವ ಕಾಲದಿಂದ ದಪ್ಪವನ್ನು ಕಂಡುಹಿಡಿಯುತ್ತದೆ. ಉಕ್ಕಿನಲ್ಲಿ ಈ ತರಂಗದ ವೇಗ ಸೆಕೆಂಡಿಗೆ ಸುಮಾರು 5,900 ಮೀಟರ್. ಅಳೆಯುವ ಮುನ್ನ ದಪ್ಪ ಗೊತ್ತಿರುವ ಮೆಟ್ಟಿಲು ತುಂಡಿನ ಮೇಲೆ ಉಪಕರಣವನ್ನು ಸರಿಹೊಂದಿಸಿಕೊಳ್ಳಬೇಕು. ಬಣ್ಣದ ಪದರ ಸೇರಿಕೊಂಡರೆ ಓದು ನಿಜಕ್ಕಿಂತ ಹೆಚ್ಚು ಬರುತ್ತದೆ. ತೀರ ತೆಳುವಾದ ಜಾಗದಲ್ಲಿ ಕೆಲವು ಉಪಕರಣಗಳು ಎರಡನೆಯ ಪ್ರತಿಧ್ವನಿಯನ್ನು ಹಿಡಿದು ದಪ್ಪವನ್ನು ದುಪ್ಪಟ್ಟಾಗಿ ತೋರಿಸುತ್ತವೆ. ಎಲ್ಲಿ ಅಪಾಯ ಹೆಚ್ಚೋ ಅಲ್ಲಿಯೇ ಉಪಕರಣವು ಸಮಾಧಾನಕರ ಅಂಕಿ ಕೊಡುವುದರಿಂದ ಇದು ಕೆಟ್ಟ ಬಗೆಯ ದೋಷ.

ಅಕ್ಕಪಕ್ಕದ ನಾಲ್ಕು ಬಿಂದುಗಳ ಅಳತೆ ಪಾತ್ರೆಯ ಸ್ಥಿತಿಯನ್ನು ಹೇಳುವುದಿಲ್ಲ. ಮೈಮೇಲೆ ಚೌಕುಳಿ ಎಳೆದು, ತಳದಲ್ಲಿ ಗೆರೆಗಳನ್ನು ಹತ್ತಿರವಾಗಿಸಿ, ಪ್ರತಿ ಬಿಂದುವನ್ನು ಗುರುತು ಮಾಡಿಟ್ಟು ಅಳೆಯುವುದು ರೂಢಿ. ಅಡ್ಡ ಟ್ಯಾಂಕಿಗೆ ಗಡಿಯಾರದ ಆರು ಗಂಟೆಯ ಸ್ಥಾನ, ನೇರ ನಿಂತ ಟ್ಯಾಂಕಿಗೆ ಕೆಳಗಿನ ಡಿಶ್ ಎಂಡ್ ಮತ್ತು ಅದರ ಮೇಲಿನ ಸುತ್ತು ಬೆಸುಗೆಯ ಪಟ್ಟಿ ಮುಖ್ಯ. ಚೂಪಾದ ಗುಳಿಯ ತಳದಿಂದ ತರಂಗ ಸರಿಯಾಗಿ ಮರಳದ ಕಾರಣ, ಕೈ ತೂರುವ ಕಿಂಡಿ ಅಥವಾ ಮ್ಯಾನ್‌ಹೋಲ್ ಇದ್ದಲ್ಲಿ ಒಳಗಿನಿಂದ ನೋಡಿ ಗುಳಿಯ ಆಳವನ್ನು ನೇರವಾಗಿ ಅಳೆಯುವುದು ಉತ್ತಮ. ಚದುರಿದ ಗುಳಿಗಳನ್ನು ಎಪಿಐ 510 ಷರತ್ತಿನೊಡನೆ ಕಡೆಗಣಿಸುತ್ತದೆ: ಗುಳಿಯ ಕೆಳಗೆ ಅಗತ್ಯ ದಪ್ಪದ ಅರ್ಧಕ್ಕಿಂತ ಹೆಚ್ಚು ಲೋಹ ಉಳಿದಿರಬೇಕು, ಮತ್ತು 20 ಸೆಂಟಿಮೀಟರ್ ವ್ಯಾಸದ ಯಾವುದೇ ವೃತ್ತದೊಳಗೆ ಆಳವಾದ ಗುಳಿಗಳ ಒಟ್ಟು ವಿಸ್ತೀರ್ಣ 45 ಚದರ ಸೆಂಟಿಮೀಟರನ್ನು, ಒಂದೇ ಸರಳರೇಖೆಯಲ್ಲಿ ಅವುಗಳ ಒಟ್ಟು ಉದ್ದ 5 ಸೆಂಟಿಮೀಟರನ್ನು ಮೀರಬಾರದು.

ಉಳಿದ ಆಯುಷ್ಯದ ಲೆಕ್ಕ

ಉಳಿದ ಆಯುಷ್ಯದ ಸೂತ್ರ ಸರಳ. ಈಗಿರುವ ಕನಿಷ್ಠ ದಪ್ಪದಿಂದ ಒತ್ತಡಕ್ಕೆ ಅಗತ್ಯವಾದ ದಪ್ಪವನ್ನು ಕಳೆದು, ಬಂದದ್ದನ್ನು ವರ್ಷಕ್ಕೆ ಆಗುವ ಸವಕಳಿಯಿಂದ ಭಾಗಿಸಬೇಕು. ಕೆಳಗಿನದು ಕ್ರಮವನ್ನು ತೋರಿಸಲು ಕಲ್ಪಿಸಿದ ಉದಾಹರಣೆ.

ಒಳವ್ಯಾಸ 600 ಮಿಲಿಮೀಟರ್ ಇರುವ ಫಲಕವಿಲ್ಲದ ಗಾಳಿಯ ಟ್ಯಾಂಕ್ ಒಂದು 7 ಕಿಲೋಗ್ರಾಂ ಒತ್ತಡದಲ್ಲಿ, ಅಂದರೆ 0.69 ಮೆಗಾಪ್ಯಾಸ್ಕಲ್‌ನಲ್ಲಿ ಕೆಲಸಮಾಡುತ್ತಿದೆ ಎಂದಿಟ್ಟುಕೊಳ್ಳಬಹುದು. ಎಎಸ್‌ಎಂಇ ಸಂಹಿತೆಯ ಪ್ರಕಾರ ಸಿಲಿಂಡರ್ ಭಾಗಕ್ಕೆ ಬೇಕಾದ ದಪ್ಪವನ್ನು ಪಡೆಯಲು ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ, ಅನುಮತಿತ ಒತ್ತಡಬಲ ಮತ್ತು ಬೆಸುಗೆ ದಕ್ಷತೆಗಳ ಗುಣಲಬ್ಧದಿಂದ ಒತ್ತಡದ 0.6 ಪಟ್ಟನ್ನು ಕಳೆದು ಬಂದ ಸಂಖ್ಯೆಯಿಂದ ಭಾಗಿಸಬೇಕು. ಒತ್ತಡಬಲ 95, ದಕ್ಷತೆ 0.7 ಎಂದು ಹಿಡಿದರೆ 3.13 ಮಿಲಿಮೀಟರ್ ಬರುತ್ತದೆ. ತಳದಲ್ಲಿ ಅಳೆದ ಕನಿಷ್ಠ ದಪ್ಪ 4.1, ಎರಡು ವರ್ಷಗಳ ನಂತರ ಅದೇ ಬಿಂದುವಿನಲ್ಲಿ 3.9 ಮಿಲಿಮೀಟರ್. ಸವಕಳಿ ವರ್ಷಕ್ಕೆ 0.1, ಉಳಿದ ಆಯುಷ್ಯ ಸುಮಾರು 7.7 ವರ್ಷ.

ಇಲ್ಲಿಗೇ ನಿಲ್ಲಿಸಿದರೆ ತಪ್ಪಾಗುತ್ತದೆ. ಅಂಚಿನಲ್ಲಿ ಚಿಕ್ಕ ತ್ರಿಜ್ಯದಿಂದ ಬಾಗಿದ ಹಳೆಯ ಮಾದರಿಯ ಡಿಶ್ ಎಂಡ್‌ಗೆ ಅದೇ ಒತ್ತಡದಲ್ಲಿ ಹೆಚ್ಚು ದಪ್ಪ ಬೇಕು. ಬೆಸುಗೆಯಿಲ್ಲದ ಒಂದೇ ತಗಡಿನಿಂದ ಒತ್ತಿದ್ದೆಂದು ದಕ್ಷತೆಯನ್ನು 0.85 ಹಿಡಿದರೂ 4.54 ಮಿಲಿಮೀಟರ್ ಬರುತ್ತದೆ. ಅದರ ಅಳತೆ 5.1ರಿಂದ 4.9ಕ್ಕೆ ಇಳಿದಿದ್ದರೆ ಉಳಿದದ್ದು 3.6 ವರ್ಷ ಮಾತ್ರ. ಸಿಲಿಂಡರಿಗಿಂತ ದಪ್ಪವಾಗಿ ಕಾಣುವ ಭಾಗವೇ ಮೊದಲು ಮಿತಿ ಮುಟ್ಟುತ್ತದೆ. ಪಾತ್ರೆಯ ಆಯುಷ್ಯವೆಂದರೆ ಅದರ ಎಲ್ಲ ಭಾಗಗಳ ಆಯುಷ್ಯಗಳಲ್ಲಿ ಅತಿ ಕಡಿಮೆಯದು.

ಒತ್ತಡವನ್ನು 5 ಕಿಲೋಗ್ರಾಂಗೆ ಇಳಿಸಿದರೆ ಡಿಶ್ ಎಂಡ್‌ಗೆ ಬೇಕಾದ ದಪ್ಪ 3.22 ಮಿಲಿಮೀಟರಿಗೆ ಬರುತ್ತದೆ, ಅದರ ಆಯುಷ್ಯ 16 ವರ್ಷ ದಾಟುತ್ತದೆ. ಸಿಲಿಂಡರಿಗೆ ಸೂತ್ರ 2.22 ಎನ್ನುತ್ತದೆಯಾದರೂ ಗಾಳಿ, ಉಗಿ ಮತ್ತು ನೀರಿನ ಪಾತ್ರೆಗಳಿಗೆ ಸಂಹಿತೆಯು 2.5 ಮಿಲಿಮೀಟರಿಗಿಂತ ಕಡಿಮೆ ದಪ್ಪವನ್ನು ಒಪ್ಪುವುದಿಲ್ಲವಾದ್ದರಿಂದ 14 ವರ್ಷ ಎನ್ನಬೇಕು. ಟೈರಿಗೆ ಗಾಳಿ ತುಂಬಲು, ಧೂಳು ಊದಲು 5 ಕಿಲೋಗ್ರಾಂ ಬಹುತೇಕ ಸಾಕು. ಆದರೆ ಒತ್ತಡ ಇಳಿಸುವುದೆಂದರೆ ಕಂಪ್ರೆಸರಿನ ಸ್ವಿಚ್ ತಿರುಗಿಸುವುದಷ್ಟೇ ಅಲ್ಲ. ಸೇಫ್ಟಿ ವಾಲ್ವ್ ಹೊಸ ಮಿತಿಯಲ್ಲಿ ತೆರೆಯುವಂತೆ ಹೊಂದಿಸಿ, ಪರೀಕ್ಷಿಸಿ ಸೀಲ್ ಮಾಡದಿದ್ದರೆ ಈ ಲೆಕ್ಕಕ್ಕೆ ಬೆಲೆಯಿಲ್ಲ.

ಸವಕಳಿಯ ವೇಗವೇ ಈ ಲೆಕ್ಕದ ದುರ್ಬಲ ಕೊಂಡಿ. ಮೂಲ ದಪ್ಪ ತಿಳಿಯದ ಪಾತ್ರೆಗೆ ‘ತಗಡು 6 ಮಿಲಿಮೀಟರ್ ಇದ್ದಿರಬೇಕು, 42 ವರ್ಷ ಕಳೆದಿದೆ’ ಎಂದು ಊಹಿಸಿದರೆ ಮೇಲಿನ ಸಿಲಿಂಡರಿಗೆ ವರ್ಷಕ್ಕೆ 0.05 ಬಂದು, 7 ಕಿಲೋಗ್ರಾಂ ಒತ್ತಡದಲ್ಲಿಯೂ ಆಯುಷ್ಯ ದುಪ್ಪಟ್ಟಾಗುತ್ತದೆ. ಮೊದಲ ಮೂವತ್ತು ವರ್ಷ ಒಣಗಿದ್ದು, ಕೊನೆಯ ಹತ್ತು ವರ್ಷ ನೀರು ನಿಂತಿದ್ದರೆ ಈ ಸರಾಸರಿ ಸುಳ್ಳು. ದೀರ್ಘಾವಧಿ ಮತ್ತು ಇತ್ತೀಚಿನ ವೇಗಗಳು ಬೇರೆಯಾದಾಗ, ಬೇರೆ ಪುರಾವೆ ಇಲ್ಲದಿದ್ದರೆ, ಹೆಚ್ಚಿನದನ್ನೇ ಹಿಡಿಯುವುದು ಸುರಕ್ಷಿತ. ಇನ್ನೊಂದೆಡೆ, ಮಾಪಕದ ದೋಷವೇ 0.1 ಮಿಲಿಮೀಟರ್ ಇರಬಹುದಾದಾಗ 0.2ರ ವ್ಯತ್ಯಾಸದ ಮೇಲೆ ನಿಂತ ಅಂಕಿಯನ್ನು ಹೆಚ್ಚು ನಂಬುವಂತಿಲ್ಲ. ಒಂದೇ ಉಪಕರಣ, ಒಂದೇ ಬಿಂದು, ಮೂರನೆಯ ಅಳತೆ, ಇವು ಯಾವ ಸೂತ್ರಕ್ಕಿಂತಲೂ ಹೆಚ್ಚು ಉಪಯುಕ್ತ.

ಎಪಿಐ 510 ಪ್ರಕಾರ ಒಳತಪಾಸಣೆಯ ಅಂತರವು ಉಳಿದ ಆಯುಷ್ಯದ ಅರ್ಧವನ್ನಾಗಲಿ 10 ವರ್ಷವನ್ನಾಗಲಿ ಮೀರಬಾರದು. ಆಯುಷ್ಯ 4 ವರ್ಷಕ್ಕಿಂತ ಕಡಿಮೆಯಿದ್ದರೆ ಉಳಿದಷ್ಟು ಕಾಲವನ್ನೇ ಅಂತರವಾಗಿ ಇಡಬಹುದು, ಆದರೆ 2 ವರ್ಷಕ್ಕೆ ಮೀರದಂತೆ. ಸ್ಥಳೀಯ ಕಾನೂನು ಇದಕ್ಕಿಂತ ಬೇಗನೆ ತಪಾಸಣೆ ಕೇಳಿದರೆ ಅದೇ ಅಂತಿಮ. ಸ್ಥಳೀಯವಾಗಿ ತೆಳುವಾದ ಅಥವಾ ಬಿರುಕು ಬಿಟ್ಟ ಪಾತ್ರೆಗಳಿಗೆ ಎಪಿಐ 579 ಎಂಬ ಹೆಚ್ಚು ವಿವರವಾದ ಸಂಹಿತೆ ಇದೆ. ಬಿರುಕಿನ ಸಂದರ್ಭದಲ್ಲಿ ದಪ್ಪ ಆಧಾರಿತ ಸರಳ ಲೆಕ್ಕ ಅನ್ವಯಿಸುವುದೇ ಇಲ್ಲ.

ಒತ್ತಡ ಪರೀಕ್ಷೆಯ ಮಿತಿ

ನೀರು ತುಂಬಿ ಕೆಲಸದ ಒತ್ತಡಕ್ಕಿಂತ ಹೆಚ್ಚಿನ ಒತ್ತಡ ಹಾಕುವ ಹೈಡ್ರಾಲಿಕ್ ಪರೀಕ್ಷೆಯಲ್ಲಿ ಪಾಸಾದ ಟ್ಯಾಂಕು ‘ಗಟ್ಟಿ’ ಎಂಬ ನಂಬಿಕೆ ವ್ಯಾಪಕ. ಈ ಪರೀಕ್ಷೆಯು ಆ ದಿನ ಪಾತ್ರೆ ಒಡೆಯಲಿಲ್ಲ ಎಂಬುದನ್ನು ಮಾತ್ರ ಹೇಳುತ್ತದೆ. ಸವಕಳಿಯ ವೇಗವನ್ನಾಗಲಿ ಮುಂದಿನ ವರ್ಷದ ದಪ್ಪವನ್ನಾಗಲಿ ಅದು ತಿಳಿಸಲಾರದು. ನೀರಿನ ಬದಲು ಗಾಳಿಯಿಂದಲೇ ಪರೀಕ್ಷೆ ನಡೆಸುವುದು ಅಪಾಯಕಾರಿ. ನೀರು ಬಹುಮಟ್ಟಿಗೆ ಕುಗ್ಗದ ಕಾರಣ ಪಾತ್ರೆ ಸೀಳಿದರೆ ಒತ್ತಡ ಕೂಡಲೇ ಇಳಿಯುತ್ತದೆ, ಗಾಳಿಯಾದರೆ ಚೂರುಗಳು ಹಾರುತ್ತವೆ. ಪರೀಕ್ಷೆಯ ನಂತರ ಟ್ಯಾಂಕನ್ನು ಪೂರ್ತಿ ಬರಿದುಮಾಡಿ ಒಣಗಿಸಬೇಕು, ಇಲ್ಲದಿದ್ದರೆ ಪರೀಕ್ಷೆಯೇ ತುಕ್ಕಿಗೆ ಕಾರಣವಾಗುತ್ತದೆ.

ತೇಪೆಯ ದುರಸ್ತಿ ಎಷ್ಟು ಮೋಸಗೊಳಿಸಬಲ್ಲದು ಎಂಬುದನ್ನು ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 2017ರ ಏಪ್ರಿಲ್ 3ರಂದು ನಡೆದ ಲಾಯ್ ಲ್ಯಾಂಗ್ ಬಾಕ್ಸ್ ಕಂಪನಿಯ ಅವಘಡ ತೋರಿಸುತ್ತದೆ. ಉಗಿ ವ್ಯವಸ್ಥೆಯ ನೀರಿನ ಪಾತ್ರೆಯೊಂದರ ತಳ ತುಕ್ಕಿನಿಂದ ತೆಳುವಾಗಿತ್ತು. 2012ರಲ್ಲಿ ಸೋರಿದಾಗ ತಳದ ಬಹುಭಾಗವನ್ನು ಬದಲಿಸಲಾಯಿತು, ಆದರೆ ಅಂಚಿನಲ್ಲಿ ಸವೆದ ಹಳೆಯ ಲೋಹದ ಉಂಗುರವೊಂದು ಹಾಗೆಯೇ ಉಳಿಯಿತು. ಐದು ವರ್ಷಗಳ ಬಳಿಕ ಆ ಉಂಗುರ ಹರಿದು, ಪಾತ್ರೆ ಛಾವಣಿ ಸೀಳಿ ಮೇಲಕ್ಕೆ ಚಿಮ್ಮಿ ನೆರೆಯ ಕಟ್ಟಡದ ಮೇಲೆ ಬಿದ್ದಿತು. ನಾಲ್ವರು ಸತ್ತರು, ಅವರಲ್ಲಿ ಮೂವರು ಆ ನೆರೆಯ ಕಟ್ಟಡದಲ್ಲಿದ್ದವರು. ಘಟನೆಗೆ ಕೆಲವೇ ದಿನ ಮೊದಲು ಸೋರಿಕೆ ಗಮನಕ್ಕೆ ಬಂದಿತ್ತು.

ಕಾನೂನು

ಭಾರತದಲ್ಲಿ ಉಗಿ ಉತ್ಪಾದಿಸುವ ಪಾತ್ರೆಗಳು ಬಾಯ್ಲರ್ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. 1923ರ ಕಾಯಿದೆಯ ಸ್ಥಾನದಲ್ಲಿ 2025ರಲ್ಲಿ ಹೊಸ ಕಾಯಿದೆ ಬಂದಿದೆ. 25 ವರ್ಷ ದಾಟಿದ ಬಾಯ್ಲರುಗಳಿಗೆ ಉಳಿದ ಆಯುಷ್ಯದ ಮೌಲ್ಯಮಾಪನವನ್ನು ಭಾರತೀಯ ಬಾಯ್ಲರ್ ನಿಯಮಾವಳಿಗಳು ವಿಧಿಸಿವೆ. ಕರ್ನಾಟಕದಲ್ಲಿ ಇದನ್ನು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ ನೋಡಿಕೊಳ್ಳುತ್ತದೆ. 1,000 ಲೀಟರಿಗಿಂತ ದೊಡ್ಡ ಅನಿಲ ಸಂಗ್ರಹಣಾ ಪಾತ್ರೆಗಳಿಗೆ 2016ರ ಪ್ರತ್ಯೇಕ ನಿಯಮಗಳಿವೆ. ಕಾರ್ಖಾನೆಗಳ ಇತರ ಒತ್ತಡ ಪಾತ್ರೆಗಳ ತಪಾಸಣೆಗೆ 1948ರ ಕಾರ್ಖಾನೆಗಳ ಕಾಯಿದೆಯ 31ನೇ ಕಲಮು ದಶಕಗಳ ಕಾಲ ಆಧಾರವಾಗಿತ್ತು.

ಈ ಜಾಲದಲ್ಲಿ ದೊಡ್ಡ ಕಿಂಡಿಯೊಂದಿದೆ. ತೋಟವು ಕಾನೂನಿನ ಕಣ್ಣಿಗೆ ಕಾರ್ಖಾನೆಯಲ್ಲ, ಪ್ಲಾಂಟೇಷನ್. ಇಬ್ಬರು ಮೂವರು ಕೆಲಸಮಾಡುವ ಶೆಡ್ಡಿನ 300 ಅಥವಾ 500 ಲೀಟರಿನ ಗಾಳಿಯ ಟ್ಯಾಂಕಿಗೆ ಕಾರ್ಖಾನೆ ನಿಯಮವೂ ಅನಿಲ ನಿಯಮವೂ ತಗುಲದೆ ಹೋಗಬಹುದು. ಹೀಗೆ ದಾಖಲೆ ಇಲ್ಲದಿರುವ ಸಾಧ್ಯತೆ ಎಲ್ಲಿ ಅತಿ ಹೆಚ್ಚೋ ಅಲ್ಲಿಯೇ ಕಡ್ಡಾಯ ತಪಾಸಣೆ ಅತಿ ಕಡಿಮೆ. ತಪಾಸಣೆಯ ವೆಚ್ಚ ಹೊಸ ಸಣ್ಣ ಟ್ಯಾಂಕಿನ ಬೆಲೆಯನ್ನು ಸಮೀಪಿಸಿದಾಗ ಹಳೆಯದನ್ನು ಕೈಬಿಟ್ಟು ಪ್ರಮಾಣಪತ್ರವಿರುವ ಹೊಸದನ್ನು ಕೊಳ್ಳುವುದು ಹೆಚ್ಚು ವಿವೇಕದ ಆಯ್ಕೆ. ವಿವರವಾದ ಮೌಲ್ಯಮಾಪನಕ್ಕೆ ಅರ್ಥ ಬರುವುದು ದೊಡ್ಡ, ಬದಲಿಸಲು ಕಷ್ಟವಾದ ಪಾತ್ರೆಗಳಲ್ಲಿ.

ನಿವೃತ್ತಿ

ಬಳಕೆಯಿಂದ ತೆಗೆದ ಪಾತ್ರೆಯನ್ನು ಹಾಗೆಯೇ ಗುಜರಿಗೆ ಕೊಟ್ಟರೆ ಅದು ಬಣ್ಣ ಬಳಿದುಕೊಂಡು ಇನ್ನೊಂದು ಶೆಡ್ಡಿಗೆ ಹೋಗುವ ಸಾಧ್ಯತೆ ಇದೆ. ಆದ್ದರಿಂದ ಒತ್ತಡವನ್ನು ಪೂರ್ತಿ ಇಳಿಸಿ, ಒಳಗೆ ಎಣ್ಣೆಯ ಆವಿ ಅಥವಾ ಉರಿಯುವ ಅನಿಲ ಉಳಿದಿಲ್ಲವೆಂದು ಖಚಿತಪಡಿಸಿಕೊಂಡ ನಂತರ, ಸಿಲಿಂಡರ್ ಭಾಗದಲ್ಲಿ ಮತ್ತು ಎರಡೂ ಡಿಶ್ ಎಂಡ್‌ಗಳಲ್ಲಿ ತೇಪೆ ಹಾಕಲಾಗದಷ್ಟು ದೊಡ್ಡ ತೂತುಗಳನ್ನು ಕತ್ತರಿಸಿ, ಫಲಕವಿದ್ದರೆ ಅದನ್ನು ಕಿತ್ತು, ತೆಗೆದ ದಿನಾಂಕ ಮತ್ತು ಕಾರಣವನ್ನು ಯಂತ್ರಮನೆಯ ಪುಸ್ತಕದಲ್ಲಿ ಬರೆದಿಡಬೇಕು.